ಬಾಯಿಹುಣ್ಣು ಎರಡು ವಾರ ದಾಟಿತೇ? ಬಯಾಪ್ಸಿ ಮಾಡಿಸುವುದು ಹೀಗೆ

ಕೋಲಾರದ ಕಡೆ ಊಟವಾದ ಮೇಲೆ ಎಲೆ ಅಡಿಕೆ ಬೇಕೇ ಬೇಕು, ಜೊತೆಗೆ ಕಡ್ಡಿಪುಡಿ. ಕೆಲವು ಅಜ್ಜಿಯರು ಅದನ್ನು ದವಡೆಗೆ ಒತ್ತಿಟ್ಟುಕೊಂಡೇ ಮಲಗುತ್ತಾರೆ. ಮಚ್ಚೆ, ಹುಣ್ಣು ಏಳುವುದೂ ಜಾಸ್ತಿ ಅದೇ ಜಾಗದಲ್ಲಿ. ನೋವಿಲ್ಲವಲ್ಲ ಅಂತ ಸುಮ್ನಿದ್ದುಬಿಡುತ್ತಾರೆ. ನೋವಿಲ್ಲದ ಹುಣ್ಣು ಕಂಡರೇ ನನಗೆ ಕ್ಯಾನ್ಸರ್ ಇರಬಹುದೇನೋ ಅಂತ ಹೆಚ್ಚು ಭಯ.

ಮೊದಲು ಮನೆಯಲ್ಲೇ ನೋಡಿ. ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಕೆನ್ನೆಯ ಒಳಗೆ, ನಾಲಿಗೆಯ ಅಂಚು, ನಾಲಿಗೆಯ ಅಡಿ ನೋಡಿಕೊಳ್ಳಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅಂಚು ಗಟ್ಟಿಯಾದ ಹುಣ್ಣು, ಗಂಟು ಇದ್ದರೆ ತೋರಿಸಬೇಕು. ಕೆಂಪು ಮಚ್ಚೆಯಂತೂ ಬಿಳಿಯದಕ್ಕಿಂತ ಅಪಾಯ. ಮೂರು ಬೆರಳು ಒಂದರ ಮೇಲೊಂದಿಟ್ಟರೆ ಬಾಯೊಳಗೆ ಹೋಗುತ್ತಿಲ್ಲವೇ? ಅಡಿಕೆ, ಗುಟ್ಕಾ ಅಗಿಯುವವರು ಇದನ್ನೂ ಹೇಳಬೇಕು.

ಹಲ್ಲಿನ ಡಾಕ್ಟರು ಕೈಯಿಂದ ಒತ್ತಿ ನೋಡುತ್ತಾರೆ, ಕತ್ತಿನ ಗಂಟುಗಳನ್ನೂ ಮುಟ್ಟಿ ನೋಡುತ್ತಾರೆ. ಚೂಪು ಹಲ್ಲು ತಾಗಿ ಆದದ್ದಾದರೆ ಆ ಹಲ್ಲಿನ ಚೂಪನ್ನು ತೇಯ್ದು ನುಣುಪು ಮಾಡಿ ಎರಡು ವಾರ ಬಿಡುತ್ತಾರೆ. ಆಮೇಲೂ ಮಾಯದಿದ್ದರೆ ಬಯಾಪ್ಸಿ, ಅಂದರೆ ಆ ಜಾಗದಿಂದ ಚಿಕ್ಕ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಕೋಲಾರದ ತಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆಯಂಥ ದೊಡ್ಡ ಕಡೆ ಹೋದರೆ ಬೆಂಗಳೂರಿಗೆ ಅಲೆಯುವುದು ಎಷ್ಟೋ ಸಲ ತಪ್ಪುತ್ತದೆ.

ಆ ದಿನ ತಿಂಡಿ ತಿಂದೇ ಹೋಗಬಹುದು, ಡಾಕ್ಟರು ಬೇಡ ಅಂದಿದ್ದರೆ ಬೇರೆ ಮಾತು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆ ಜಾಗ ಮರಗಟ್ಟಲು ಇಂಜೆಕ್ಷನ್ ಕೊಡುತ್ತಾರೆ. ಅದು ಚುಚ್ಚಿದಾಗ ಚುರ್ ಅನ್ನುತ್ತದೆ, ಅಷ್ಟೇ. ಚಿಕ್ಕ ಗಂಟಾದರೆ ಪೂರ್ತಿ ತೆಗೆಯುತ್ತಾರೆ. ದೊಡ್ಡ ಹುಣ್ಣಾದರೆ ಅದರ ಅಂಚಿನಿಂದ ಹೆಸರುಕಾಳಿನಷ್ಟು ಚೂರು. ನಡುವೆ ಕೊಳೆತ ಭಾಗ ತೆಗೆದರೆ ಪರೀಕ್ಷೆಯಲ್ಲಿ ಏನೂ ಗೊತ್ತಾಗದೇ ಹೋಗಬಹುದು. ಒಂದೆರಡು ಹೊಲಿಗೆ, ಕಚ್ಚಿ ಹಿಡಿಯಲು ಗಾಜ್ ಬಟ್ಟೆ.

ಚೂರು ಫಾರ್ಮಲಿನ್ (ಅದು ಕೆಡದಂತೆ ಇಡುವ ದ್ರವ) ತುಂಬಿದ ಪುಟ್ಟ ಬಾಟಲಿಗೆ ಬೀಳುತ್ತದೆ. ಬಾಟಲಿ ಮೇಲಿನ ಚೀಟಿಯಲ್ಲಿ ನಿಮ್ಮ ಹೆಸರೇ ಇದೆಯಾ, ಕಣ್ಣಾರೆ ನೋಡಿ. ಕೇಳಲು ಸಂಕೋಚ ಬೇಡ.

ಚೂರು ತೆಗೆದರೆ ರೋಗ ಹರಡುತ್ತದೆ ಅನ್ನುವ ಹೆದರಿಕೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ದಯವಿಟ್ಟು ನಂಬಬೇಡಿ. ಆ ಹೆದರಿಕೆಯಲ್ಲಿ ತಿಂಗಳುಗಟ್ಟಲೆ ಕಾಯುವುದೇ ಅಪಾಯ.

ಮನೆಗೆ ಬಂದ ಮೇಲೆ ಮುದ್ದೆಯನ್ನು ಬಿಸಿ ಆರಿದ ಮೇಲೆ ಉಣ್ಣಿ, ಖಾರ ಬೇಡ. ಎಲೆ ಅಡಿಕೆಯಂತೂ ಬೇಡವೇ ಬೇಡ. ಮಾರನೆಯ ದಿನದಿಂದ ಬೆಚ್ಚಗಿನ ಉಪ್ಪುನೀರಲ್ಲಿ ಮೆಲ್ಲಗೆ ಬಾಯಿ ಮುಕ್ಕಳಿಸಿ.

ರಿಪೋರ್ಟು ಬರಲು ಸುಮಾರು ಒಂದು ವಾರ. ಅದರಲ್ಲಿ ‘ಡಿಸ್‌ಪ್ಲೇಸಿಯಾ’ ಅಂತಿದ್ದರೆ ಕ್ಯಾನ್ಸರ್ ಅಂತಲ್ಲ, ಜೀವಕೋಶಗಳು ದಾರಿ ತಪ್ಪುತ್ತಿವೆ ಅಂತ. ‘ಕಾರ್ಸಿನೋಮ’ ಅಂದರೆ ಕ್ಯಾನ್ಸರ್. ಏನೇ ಬರೆದಿರಲಿ, ಕಾಗದವನ್ನು ಬೀರುವಿನಲ್ಲಿಡದೆ ಅದೇ ಡಾಕ್ಟರ ಕೈಗೆ ಕೊಡಿ. ಏನೂ ಇಲ್ಲ ಅಂತ ಬಂದು, ಹುಣ್ಣು ಮಾತ್ರ ಹಾಗೇ ಇದ್ದರೆ, ಇನ್ನೊಮ್ಮೆ ಬಯಾಪ್ಸಿ ಮಾಡಬೇಕಾ ಅಂತ ನೀವೇ ಕೇಳಿ.