ಬಿಸಿಲೂರಿನ ಅಂಗಳಕ್ಕೆ ಕಕ್ಕೆ ಮರ

ರಾಯಚೂರಿನಲ್ಲಿ ಹೊಸ ಮನೆ ಕಟ್ಟಿದವರು ಅಂಗಳಕ್ಕೆ ಯಾವ ಮರ ಹಾಕಬೇಕೆಂದು ಕೇಳಿದರೆ ನಾನು ಕಕ್ಕೆಯನ್ನೇ ಹೇಳುತ್ತೇನೆ. ಬಿಸಿಲು 40 ಡಿಗ್ರಿ ದಾಟಿ ಉಳಿದ ಗಿಡಗಳು ಮುದುಡುವ ಏಪ್ರಿಲ್, ಮೇ ತಿಂಗಳಲ್ಲೇ ಅದು ಎಲೆ ಉದುರಿಸಿ ಮೈತುಂಬ ಹಳದಿ ಗೊಂಚಲು ಇಳಿಬಿಡುತ್ತದೆ.

ಬೀಜದಿಂದಲೇ ಬೆಳೆಸಿ. ಒಣಗಿ ಕಪ್ಪಾದ ಕಾಯಿಯನ್ನು ಒಡೆದರೆ ಅಡ್ಡಡ್ಡ ಬಿಲ್ಲೆಗಳ ನಡುವೆ ಅಂಟು ತಿರುಳು, ಅದರಲ್ಲಿ ಒಂದೊಂದು ಬೀಜ. ತಿರುಳು ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ, ಮಕ್ಕಳ ಕೈಗೆ ಕೊಡಬೇಡಿ. ಬೀಜದ ಸಿಪ್ಪೆ ಬಲು ಗಟ್ಟಿ. ಹಾಗೆಯೇ ಬಿತ್ತಿದರೆ ತಿಂಗಳುಗಟ್ಟಲೆ ಮೊಳೆಯುವುದಿಲ್ಲ. ಒರಟು ಕಲ್ಲಿನ ಮೇಲೆ ಅದರ ಒಂದು ಬದಿಯನ್ನು ತಿಕ್ಕಿ, ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಇಣುಕಿದೊಡನೆ ನಿಲ್ಲಿಸಿ. ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ತಿಕ್ಕಿ.

ಗುಂಡಿಯನ್ನು ಬೇಸಿಗೆಯಲ್ಲೇ ಎರಡಡಿ ತೋಡಿ ಬಿಸಿಲಿಗೆ ಬಿಡಿ. ಮೃಗಶಿರಾ ಮಳೆ ಬಿದ್ದ ಮೇಲೆ ಸಸಿ ನೆಡಿ. ಕೆಂಪು ಮಸಾರಿಯಾದರೆ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು. ಎರೆಮಣ್ಣಿನದೇ ತೊಂದರೆ. ಬೇಸಿಗೆಯಲ್ಲಿ ಬಿರುಕುಬಿಟ್ಟು ಬೇರು ಹರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯುತ್ತದೆ. ಗರಸು ಬೆರೆಸಿದರಷ್ಟೇ ಸಾಲದು, ಗುಂಡಿ ಬಟ್ಟಲಿನಂತೆ ನೀರು ತುಂಬಿಕೊಳ್ಳುತ್ತದೆ. ಸುತ್ತಲಿನ ನೆಲಕ್ಕಿಂತ ಗೇಣೆತ್ತರದ ದಿಬ್ಬ ಮಾಡಿ ಸಸಿಯನ್ನು ಅದರ ಮೇಲೆ ಕೂರಿಸಿ.

ದಿನಾ ಒಂದು ಚೆಂಬು ನೀರು ಸುರಿಯುವ ಅಭ್ಯಾಸ ನನಗೆ ಸ್ವಲ್ಪವೂ ಸರಿಬರುವುದಿಲ್ಲ. ಮೇಲೆ ಮೇಲೆ ತೇವ ಸಿಕ್ಕರೆ ಬೇರು ಆಳಕ್ಕೆ ಇಳಿಯುವುದೇ ಇಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಕೊಡ ನೀರನ್ನು ಬುಡದಿಂದ ಮೊಳದೂರದಲ್ಲಿ ನಿಧಾನವಾಗಿ ಇಂಗಿಸಿ. ಅದರ ಮೇಲೆ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಹರಡಿ. ನಮ್ಮ ಕಡೆ ರೈಸ್‌ಮಿಲ್‌ಗಳಿಗೇನು ಕೊರತೆಯಿಲ್ಲ. ಹೊಟ್ಟು ಕಾಂಡಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ, ಅಲ್ಲಿ ಒಂದು ಹಿಡಿ ಬೇವಿನ ಹಿಂಡಿ ಹಾಕಿ.

ಮರ ಬೇರೂರಿದ ಮೇಲೆ ಸಂಕ್ರಾಂತಿ ಕಳೆಯುತ್ತಲೇ ನೀರು ನಿಲ್ಲಿಸಿ. ಎಲೆ ಬಾಡಿತೆಂದು ಮರುಗಿ ನೀರು ಹಾಕುವವರ ಮನೆಯಲ್ಲಿ ಸೊಪ್ಪೇ ಹೆಚ್ಚು, ಹೂವು ಕಡಿಮೆ. ಈ ಮರಕ್ಕೆ ಒಣ ದಿನಗಳು ಬೇಕು. ಬೀಜದ ಗಿಡ ಹೂ ಬಿಡಲು ಐದಾರು ವರ್ಷವಾದರೂ ಹಿಡಿಯುತ್ತದೆ, ತಾಳ್ಮೆ ಇರಲಿ. ಮಳೆಗಾಲದಲ್ಲಿ ಚಿಗುರಿಗೆ ಹಸಿರು ಹುಳು ಬೀಳುತ್ತದೆ, ಅದು ತಿಳಿಹಳದಿ ಚಿಟ್ಟೆಯ ಮರಿ. ಔಷಧ ಹೊಡೆಯಬೇಡಿ, ಮರ ಮತ್ತೆ ಚಿಗುರುತ್ತದೆ. ಕೊಂಬೆ ಸವರುವುದಿದ್ದರೆ ಹೂವು ಮುಗಿದ ಕೂಡಲೇ ಸವರಿ. ಚಳಿಗಾಲದಲ್ಲಿ ಸವರಿದರೆ ಆ ವರ್ಷದ ಹೂವೇ ಹೋಗುತ್ತದೆ.