ತಾರೀಖು ಯಾವುದು? ಉಪ್ಪಿನಕಾಯಿ ಮಾರುತ್ತಾ ನಾನು ಕಲಿತ ಕಾನೂನು

ನಮ್ಮ ಅಟ್ಟದ ಮೇಲೆ ಇವತ್ತಿಗೂ ಮೂರು ಸಾವಿರ ಚಿಲ್ಲರೆ ಲೇಬಲ್ ಬಿದ್ದುಕೊಂಡಿವೆ. ಬಣ್ಣ ಮಾಸಿಲ್ಲ, ಅಂಟು ಗಟ್ಟಿಯಾಗಿದೆ, ಅಕ್ಷರದಲ್ಲಿ ತಪ್ಪಿಲ್ಲ. ಆದರೂ ಒಂದನ್ನೂ ಬಾಟಲಿಗೆ ಹಚ್ಚುವ ಹಾಗಿಲ್ಲ. ಹೆಸರಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ವೃತ್ತ, ಅದರೊಳಗೆ ಇಂಗ್ಲಿಷಿನ ಆರ್ ಅಕ್ಷರ. ತೊಂದರೆ ಇರುವುದು ಅದರಲ್ಲೇ.

ನಾನು ಶಿರಸಿ ಕಡೆಯವಳು. 2014ರಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಿದ್ದೇನೆ. ಆಮೇಲೆ ಚಟ್ನಿಪುಡಿ, ಸಾಂಬಾರ್ ಪುಡಿ ಸೇರಿಕೊಂಡವು. ಕಾನೂನು ಓದಿದವಳಲ್ಲ. ಇಲ್ಲಿ ಬರೆದಿದ್ದೆಲ್ಲ ತಪ್ಪು ಮಾಡಿ, ವಕೀಲರ ಎದುರು ಕೂತು ಬೈಸಿಕೊಂಡು ಕಲಿತದ್ದು.

ಆ ವೃತ್ತವನ್ನು ಹಾಕಿಸಿದ್ದು ಪ್ರಿಂಟಿಂಗ್ ಪ್ರೆಸ್ಸಿನ ಹುಡುಗ. "ಎಲ್ಲರೂ ಹಾಕ್ತಾರೆ ಅಕ್ಕಾ, ಕಂಪನಿ ಮಾಲಿನ ಹಾಗೆ ಕಾಣ್ತದೆ" ಅಂದ. ನನಗೂ ಚೆಂದ ಕಂಡಿತು. ಐದು ಸಾವಿರ ಹೊಡೆಸಿದೆ. 2019ರಲ್ಲಿ ಟ್ರೇಡ್‌ಮಾರ್ಕ್ ಮಾಡಿಸೋಣ ಅಂತ ವಕೀಲರ ಹತ್ತಿರ ಹೋದಾಗ, ಇರಲಿ ಅಂತ ಒಂದು ಬಾಟಲಿ ಒಯ್ದಿದ್ದೆ. ಅವರು ಮಿಡಿ ನೋಡಲಿಲ್ಲ, ಕನ್ನಡಕ ಮೇಲೆತ್ತಿ ಆ ವೃತ್ತ ನೋಡಿದರು.

"ರಿಜಿಸ್ಟರ್ ಆಗಿದ್ದು ಯಾವ ತಾರೀಖು?"

"ಆಗಿಲ್ಲ, ಅದಕ್ಕೇ ಬಂದಿದ್ದು."

ಅವರು ಬಾಟಲಿಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಟ್ಟರು. ನೋಂದಣಿ ಆಗದ ಹೆಸರಿಗೆ ಆ ಗುರುತು ಹಾಕಿದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಆಗ ಅದು ಅಪರಾಧವಾಗಿತ್ತು. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದಿತ್ತು. ನೋಂದಣಿಗೆ ಮೊದಲು ಬೇಕಾದರೆ 'ಟಿಎಂ' ಅಂತ ಹಾಕಿಕೊಳ್ಳಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನನ್ನ ಹೆಸರನ್ನು ಯಾರೋ ಕದಿಯುತ್ತಾರೆ ಅನ್ನುವ ಹೆದರಿಕೆಗೆ ವಕೀಲರನ್ನು ಹುಡುಕಿಕೊಂಡು ಹೋದವಳು ನಾನು. ಅಲ್ಲಿ ನೋಡಿದರೆ ತಪ್ಪಿತಸ್ಥೆ ನಾನೇ!

ನಂತರ ಹೆಸರಿನ ಪ್ರಶ್ನೆ ಬಂತು. ಲೇಬಲ್ ಮೇಲೆ ದೊಡ್ಡದಾಗಿ ಇದ್ದದ್ದು 'ಮಲೆನಾಡ ಅಪ್ಪೆಮಿಡಿ'. ಇದು ಸಿಗುವುದಿಲ್ಲ ಅಂದರು. ಸರಕು ಏನು, ಎಲ್ಲಿಯದು ಅಂತ ಹೇಳುವ ಶಬ್ದವನ್ನು ಒಬ್ಬರೇ ಕಟ್ಟಿಟ್ಟುಕೊಳ್ಳಲು 9ನೇ ಸೆಕ್ಷನ್ ಬಿಡುವುದಿಲ್ಲ. ಮಲೆನಾಡು ಎಲ್ಲರದ್ದು. ಅಪ್ಪೆಮಿಡಿಗಂತೂ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಇದೆ. ಅದು ಈ ಸೀಮೆಯಲ್ಲಿ ಬೆಳೆಯುವ ಎಲ್ಲರಿಗೂ ಸೇರಿದ ಹೆಸರು, ಒಬ್ಬಳ ಬ್ರ್ಯಾಂಡ್ ಆಗಲು ಬರುವುದಿಲ್ಲ. ಮೊದಲು ಬೇಜಾರಾಯಿತು. ಮನೆಗೆ ಬರುತ್ತಾ ಬಸ್ಸಿನಲ್ಲಿ ಯೋಚನೆ ಮಾಡಿದರೆ ಸರಿಯೇ ಅನಿಸಿತು. ಪಕ್ಕದ ಊರಿನವರು ಯಾರಾದರೂ ಆ ಹೆಸರು ಬರೆಸಿಕೊಂಡು, ನಾನು ಅಪ್ಪೆಮಿಡಿ ಅಂತ ಬರೆಯಬಾರದು ಅಂದಿದ್ದರೆ?

ಕೊನೆಗೆ ನಮ್ಮ ಮನೆಯ ಹೆಸರನ್ನೇ ಹಿಡಿದೆವು. ಈ ಕಡೆ ಪ್ರತಿ ಹಳೇ ಮನೆಗೂ ಒಂದು ಹೆಸರು ಇರುತ್ತದಲ್ಲ, ಅದು. (ಇಲ್ಲಿ ಬರೆಯುವುದಿಲ್ಲ, ಸುಮ್ನೆ ಜಾಹೀರಾತು ಆಗುತ್ತದೆ.) ಅರ್ಜಿ ಆನ್‌ಲೈನ್‌ನಲ್ಲೇ ಹಾಕಿದ್ದು. ಒಬ್ಬ ವ್ಯಕ್ತಿಯ ಹೆಸರಲ್ಲಿ ಹಾಕಿದರೆ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ, ದೊಡ್ಡ ಕಂಪನಿಯಾದರೆ 9,000. ಉಪ್ಪಿನಕಾಯಿ 29ನೇ ವರ್ಗ, ಪುಡಿಗಳು 30ನೇ ವರ್ಗ. ಹಾಗಾಗಿ ನನಗೆ ಎರಡು ಸಲ ಕಟ್ಟಬೇಕಾಯಿತು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.

ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಈ ಹೆಸರನ್ನು ಯಾವ ದಿನದಿಂದ ಬಳಸುತ್ತಿದ್ದೀರಿ? 2014 ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಅಫಿಡವಿಟ್ ಜೊತೆಗೆ ದಾಖಲೆ ಬೇಕು. ನಾನು ಬಿಲ್ ಪುಸ್ತಕ ಹುಡುಕಲು ಶುರು ಮಾಡಿದೆ. ಕಪಾಟಿನಲ್ಲಿ ಇಲ್ಲ, ಟ್ರಂಕಿನಲ್ಲಿ ಇಲ್ಲ. ಮೂರನೇ ದಿನ ಸಿಕ್ಕಿದ್ದು ಕೊಟ್ಟಿಗೆ ಮಾಡಿನಲ್ಲಿ, ಖಾಲಿ ಎಣ್ಣೆ ಡಬ್ಬಿಯೊಳಗೆ. ಮೊದಲ ಬಿಲ್ಲಿನ ಕಾರ್ಬನ್ ಪ್ರತಿ: ಪೇಟೆಯ ಕಿರಾಣಿ ಅಂಗಡಿಗೆ 12 ಬಾಟಲಿ, ಮೇ 2014. ಮೇಲೆ ರಬ್ಬರ್ ಸ್ಟ್ಯಾಂಪಿನಲ್ಲಿ ಮನೆ ಹೆಸರು. ಅರ್ಧ ಹಾಳೆಗೆ ಖಾರದ ಎಣ್ಣೆ ಇಳಿದು ಕೆಂಪಾಗಿತ್ತು, ಆದರೆ ತಾರೀಖು ಓದಲು ಬರುತ್ತಿತ್ತು. ಆ ಹಾಳೆಯನ್ನು ವಕೀಲರು ಎರಡು ಬೆರಳಲ್ಲಿ ಹಿಡಿದು, "ಇದು ನಿಮ್ಮ ಮನೆಯ ಪಹಣಿ ಇದ್ದ ಹಾಗೆ" ಅಂದರು. ಮೊದಲು ಬಳಸಿದವರಿಗೆ ಆಮೇಲೆ ನೋಂದಣಿ ಮಾಡಿಸಿದವರಿಗಿಂತ ಹೆಚ್ಚಿನ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2015ರಲ್ಲೂ ಹೇಳಿದೆಯಂತೆ. ಅಂದಿನಿಂದ ನಮ್ಮಲ್ಲಿ ಬಿಲ್ ಪುಸ್ತಕ ಅಕ್ಕಿ ಡಬ್ಬಿಗಿಂತ ಜಾಗ್ರತೆಯಾಗಿದೆ.

ಅಷ್ಟಾದರೂ ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಾ ವರದಿಯಲ್ಲಿ ಒಂದು ಆಕ್ಷೇಪ ಬಂತು. ಅದೇ ವರ್ಗದಲ್ಲಿ ಸ್ವಲ್ಪ ಹೋಲುವ ಹೆಸರು ಇದೆ ಅಂತ. ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಕೊಟ್ಟೆವು. ಆ ಖಾರದ ಹಾಳೆ ಮತ್ತೆ ಕೆಲಸಕ್ಕೆ ಬಂತು. ನಂತರ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಣೆ, ಯಾರಾದರೂ ತಕರಾರು ತೆಗೆಯಲು ನಾಲ್ಕು ತಿಂಗಳು. ಯಾರೂ ತೆಗೆಯಲಿಲ್ಲ. 2021ರಲ್ಲಿ ಪ್ರಮಾಣಪತ್ರ ಬಂತು.

ಲೇಬಲ್ ಮೇಲಿನ ಚಿತ್ರದ್ದು ಬೇರೆಯೇ ಕಥೆ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಹುಡುಗನೊಬ್ಬ ಬಿಡಿಸಿಕೊಟ್ಟದ್ದು, ಭರಣಿ ಮತ್ತು ಒಂದು ಗೊಂಚಲು ಮಿಡಿ, ತೊಟ್ಟು ಸಮೇತ. 3,000 ಕೊಟ್ಟಿದ್ದೆ. ಕೆಲವು ವರ್ಷದ ಮೇಲೆ ಡಬ್ಬಿಗೂ ಅದೇ ಚಿತ್ರ ಹಾಕುವಾಗ ಅವನು ಫೋನ್ ಮಾಡಿ ಮತ್ತೆ ದುಡ್ಡು ಕೇಳಿದ. ಸಿಟ್ಟು ಬಂತು. ದುಡ್ಡು ಕೊಟ್ಟಿದ್ದೇನೆ, ಚಿತ್ರ ನನ್ನದೇ ಅಲ್ವಾ?

ಅಲ್ಲವಂತೆ. ಹಣ ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಕರಾರು ಇಲ್ಲದಿದ್ದರೆ ಕಾಪಿರೈಟ್ ತೆಗೆಸಿದವರದ್ದು. ಸಂಬಳದ ಕೆಲಸಗಾರ ಕೆಲಸದ ಭಾಗವಾಗಿ ಬಿಡಿಸಿದರೆ ಮಾಲೀಕರದ್ದು. ಆದರೆ ಹೊರಗಿನವರಿಂದ ಮಾಡಿಸಿದ ಲೇಬಲ್ ವಿನ್ಯಾಸಕ್ಕೆ ಅದೇ ಧೈರ್ಯದಲ್ಲಿ ಕೂರಬಾರದು, ಹಕ್ಕು ಬರವಣಿಗೆಯಲ್ಲಿ ಬರೆಸಿಕೊಳ್ಳಬೇಕು. ಬರೆಸುವಾಗಲೂ ಎಷ್ಟು ವರ್ಷಕ್ಕೆ ಅಂತ ಹಾಕದಿದ್ದರೆ ಕಾನೂನು ಅದನ್ನು 5 ವರ್ಷಕ್ಕೆ ಮಾತ್ರ ಅಂತ ತಿಳಿಯುತ್ತದೆ. ಎಲ್ಲಿಗೆ ಅಂತ ಹಾಕದಿದ್ದರೆ ಭಾರತಕ್ಕೆ ಮಾತ್ರ. ನನ್ನ ಹತ್ತಿರ ಬರವಣಿಗೆಯೇ ಇರಲಿಲ್ಲ, ಒಂದು ಫೋನ್‌ಪೇ ಸಂದೇಶ ಇತ್ತು. ಹುಡುಗ ಒಳ್ಳೆಯವನು. ಇನ್ನೊಂದು 5,000 ತೆಗೆದುಕೊಂಡು, ಕಾಪಿರೈಟ್ ಇರುವಷ್ಟು ಕಾಲಕ್ಕೂ, ಪ್ರಪಂಚದ ಎಲ್ಲ ಕಡೆಗೂ ಅಂತ ಬರೆದು ಸಹಿ ಹಾಕಿದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಅಂತ ಈಗ ಅನಿಸುತ್ತದೆ.

ರುಚಿಗೆ ಮಾತ್ರ ಯಾವ ಕಾಗದವೂ ಇಲ್ಲ. ನಮ್ಮಲ್ಲಿ ನಾಲ್ಕು ವರ್ಷ ಸಾಸಿವೆ ಅರೆದವಳು ಬಿಟ್ಟುಹೋಗಿ ಸ್ವಂತ ಉಪ್ಪಿನಕಾಯಿ ಶುರು ಮಾಡಿದಳು. ಅತ್ತೆಯ ಹದವೇ, ಬಾಯಿಗಿಟ್ಟರೆ ಗೊತ್ತಾಗುತ್ತದೆ. ತಡೆಯಲು ಬರುತ್ತದಾ ಅಂತ ಕೇಳಿದೆ. ತಲೆಮಾರಿನಿಂದ ಬಂದ ತಿಳಿವಳಿಕೆಗೆ ಪೇಟೆಂಟ್ ಸಿಗುವುದಿಲ್ಲ. ಗುಟ್ಟು ಕಾಯುವ ಕರಾರು ನಾನು ಮಾಡಿಸಿರಲಿಲ್ಲ. ಕೆಲಸ ಬಿಟ್ಟ ಮೇಲೆ ಅದೇ ವ್ಯಾಪಾರ ಮಾಡಬಾರದು ಅಂತ ಬರೆಸಿಕೊಂಡಿದ್ದರೂ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ಅದು ನಿಲ್ಲುತ್ತಿರಲಿಲ್ಲ. ಅವಳು ನಮ್ಮ ಹೆಸರು ಹಾಕಿಕೊಂಡಿದ್ದರೆ ಮಾತು ಬೇರೆ, ಆಗ ಕನಿಷ್ಠ 6 ತಿಂಗಳು ಜೈಲು, 50,000 ದಂಡದಿಂದ ಶುರುವಾಗುವ ಅಪರಾಧ. ಅವಳು ತನ್ನ ಹೆಸರೇ ಹಾಕಿದ್ದಾಳೆ. ಚೆನ್ನಾಗಿಯೂ ಮಾಡುತ್ತಾಳೆ.

ಚೆಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಲ್ಲಿ ನಾನು ಕೂದಲೆಳೆಯಲ್ಲಿ ಉಳಿದುಕೊಂಡೆ. 2022ರಲ್ಲಿ ಬೇರೆ ಊರಿನ ಒಬ್ಬ ಅಂಗಡಿಯವರು 64,000 ರೂಪಾಯಿಯ ಮಾಲಿಗೆ ಮಾರ್ಚ್ 10ರ ಚೆಕ್ ಕೊಟ್ಟರು. 16ಕ್ಕೆ ಬೌನ್ಸ್ ಆಗಿ ಬ್ಯಾಂಕಿನ ಮೆಮೊ ಬಂತು. ಫೋನ್ ಮಾಡಿದರೆ "ಮುಂದಿನ ವಾರ ಖಂಡಿತ ಅಕ್ಕಾ" ಅನ್ನುತ್ತಿದ್ದರು. ಪ್ರತಿ ವಾರವೂ ಅದೇ ಮಾತು. ನಾದಿನಿಯ ಗಂಡ "420 ಕೇಸ್ ಜಡಿಯಿರಿ" ಅಂದ. ಠಾಣೆಗೆ ಹೋದೆ. "ಮೇಡಂ, ಇದು ಸಿವಿಲ್, ಕೋರ್ಟಿಗೆ ಹೋಗಿ" ಅಂದರು. ಅವರು ಅಂದಿದ್ದು ಪೂರ್ತಿ ತಪ್ಪಲ್ಲ. ಮೋಸದ ಕೇಸ್ ಆಗಬೇಕಾದರೆ ಮಾಲು ತೆಗೆದುಕೊಳ್ಳುವಾಗಲೇ ಕೊಡಬಾರದು ಅನ್ನುವ ಮನಸ್ಸು ಇತ್ತು ಅಂತ ತೋರಿಸಬೇಕು. ವ್ಯಾಪಾರ ಕೆಟ್ಟು ದುಡ್ಡು ಕಟ್ಟದಿದ್ದರೆ ಅದು ಬಾಕಿ, ಮೋಸವಲ್ಲ. (ಆ 420 ಈಗ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ಆದರೆ ಬೈಗುಳದಲ್ಲಿ 420 ಹಾಗೇ ಇರುತ್ತದೆ ಬಿಡಿ.)

ಏಪ್ರಿಲ್ 20ಕ್ಕೆ ವಕೀಲರ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆ ಗೊತ್ತೇ ಇದೆಯಲ್ಲ. ಮೆಮೊ ತಾರೀಖು ನೋಡಿ ಬೆರಳಲ್ಲಿ ಎಣಿಸಿದರು. ಮೂವತ್ತೈದು ದಿನ. ಚೆಕ್ಕಿನ ವ್ಯವಹಾರ ನೋಡುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ, ಬೌನ್ಸ್ ಆದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನಾನು 'ಮುಂದಿನ ವಾರ' ಕೇಳುತ್ತಾ ಅದನ್ನು ಕಳೆದುಕೊಂಡಿದ್ದೆ. ಉಳಿಸಿದ್ದು ಏನು ಗೊತ್ತಾ? ಚೆಕ್ಕಿಗೆ ಮೂರು ತಿಂಗಳ ಆಯಸ್ಸು. ಜೂನ್ ತನಕ ಮತ್ತೆ ಬ್ಯಾಂಕಿಗೆ ಹಾಕಬಹುದು. ಹಾಕಿದೆವು, ಮತ್ತೆ ಬೌನ್ಸ್, 26ಕ್ಕೆ ಹೊಸ ಮೆಮೊ. ಆರೇ ದಿನದಲ್ಲಿ ನೋಟಿಸ್ ಹೋಯಿತು. ನೋಟಿಸ್ ಕೈಗೆ ಸಿಕ್ಕಿದ ಮೇಲೆ ಅವರಿಗೆ 15 ದಿನ, ಅದು ದಾಟಿದರೆ ಒಂದು ತಿಂಗಳೊಳಗೆ ನಾನು ಕೋರ್ಟಿಗೆ ಹೋಗಬೇಕು. ಕೇಸ್ ಹಾಕುವುದು ನನ್ನ ಖಾತೆ ಇರುವ ಶಾಖೆಯ ಊರಲ್ಲೇ, ಅವರ ಊರಿಗೆ ಅಲೆಯಬೇಕಾಗಿಲ್ಲ. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಹದಿನಾಲ್ಕನೇ ದಿನ ದುಡ್ಡು ಬಂತು. ಪೂರ್ತಿ. ಆ ಅಂಗಡಿಯವರು ಈಗಲೂ ಮಾಲು ಕೇಳುತ್ತಾರೆ. ಕೊಡುತ್ತೇನೆ, ಮುಂಗಡ ಬಂದ ಮೇಲೆ.

2024ರ ದೀಪಾವಳಿ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. "ದುಡ್ಡು ಹಾಕಿ ಎಂಟು ದಿನ ಆಯ್ತು, ಬಾಟಲಿ ಎಲ್ಲಿ?" ನನ್ನ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಅವರು ಕಳಿಸಿದ ಲಿಂಕ್ ತೆರೆದು ನೋಡಿದರೆ ನಮ್ಮದೇ ಪುಟ! ನಮ್ಮ ಹೆಸರು, ನಮ್ಮ ಭರಣಿ, ಹಿಂದೆ ಅತ್ತೆಯ ಅರ್ಧ ಸೆರಗು ಕೂಡ. ಹೆಸರಿನ ಕೊನೆಗೆ ಒಂದು ಅಡಿಗೆರೆ ಜಾಸ್ತಿ ಇತ್ತು, ಕ್ಯೂಆರ್ ಕೋಡ್ ಬೇರೆಯದು. ಕೈಕಾಲು ತಣ್ಣಗಾಯಿತು.

ಫೋನಿನಲ್ಲಿ ಹತ್ತು ಸ್ಕ್ರೀನ್‌ಶಾಟ್ ತೆಗೆದುಕೊಂಡು ಜಿಲ್ಲೆಯ ಸೆನ್ ಠಾಣೆಗೆ ಹೋದೆ. ಸೈಬರ್, ಆರ್ಥಿಕ ಅಪರಾಧ, ಮಾದಕವಸ್ತು ಮೂರೂ ನೋಡುವ ಠಾಣೆ ಅದು. ಅಲ್ಲಿನ ಅಧಿಕಾರಿ ನೋಡಿ, "ಇದರಲ್ಲಿ ಪುಟದ ವಿಳಾಸ ಎಲ್ಲಿ ಮೇಡಂ? ಯಾವ ದಿನ, ಎಷ್ಟು ಹೊತ್ತಿಗೆ ನೋಡಿದ್ರಿ?" ಅಂದರು. ನಾನು ಬರೀ ಫೋಟೋಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಪುಣ್ಯಕ್ಕೆ ಪುಟ ಇನ್ನೂ ಇತ್ತು. ಮಗಳು ಕಂಪ್ಯೂಟರಿನಲ್ಲಿ ಪೂರ್ತಿ ವಿಳಾಸ, ದಿನ, ಸಮಯ ಕಾಣುವ ಹಾಗೆ ಮತ್ತೆ ತೆಗೆದಳು, ಪುಟ ಸರಿಸುತ್ತಾ ಒಂದು ವಿಡಿಯೊ ಕೂಡ ಮಾಡಿದಳು. ಕೋರ್ಟಿನಲ್ಲಿ ಇವನ್ನು ಹಾಜರುಪಡಿಸಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ ಕೂಡ ಬರೆಯಬೇಕು. ಅದು ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಒಂದು ಚುಕ್ಕೆ ಬದಲಾದರೂ ಗುರುತು ಬದಲಾಗುತ್ತದೆ. ಹಾಗಾಗಿ ಮೂಲ ಫೈಲನ್ನು ವಾಟ್ಸಾಪಿನಲ್ಲಿ ಅತ್ತಿತ್ತ ಕಳಿಸದೆ ಹಾಗೇ ಇಡಬೇಕು. ಕೇಸ್ ದಾಖಲಾಗಿದ್ದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಡಿ ಕೆಳಗೆ, ಬೇರೆಯವರ ವೇಷ ಹಾಕಿ ಕಂಪ್ಯೂಟರ್ ಮೂಲಕ ಮೋಸ ಮಾಡಿದ್ದಕ್ಕೆ. ಜೊತೆಗೆ ನ್ಯಾಯ ಸಂಹಿತೆಯ 318(4).

ಆ ನಕಲಿ ಪುಟ ಇದ್ದ ಜಾಲತಾಣಕ್ಕೂ ಬರೆದೆವು. ಜನ ಹಾಕಿದ್ದಕ್ಕೆಲ್ಲ ಜಾಲತಾಣ ಹೊಣೆಯಲ್ಲ ಅನ್ನುವ ರಕ್ಷಣೆ ಅದೇ ಐಟಿ ಕಾಯ್ದೆಯ 79ನೇ ಸೆಕ್ಷನ್‌ನಲ್ಲಿ ಇದೆ, ಆದರೆ ದೂರು ಕೇಳುವ ಅಧಿಕಾರಿಯನ್ನು ಅವರು ಇಟ್ಟಿರಲೇಬೇಕು. ಮೊದಲ ಸಲ 'ನಮ್ಮ ಫೋಟೋ ಕದ್ದಿದ್ದಾರೆ' ಅಂತ ಅತ್ತುಕೊಂಡು ಬರೆದಾಗ ಯಂತ್ರದ ಉತ್ತರ ಬಂತು. ಎರಡನೇ ಸಲ ಟ್ರೇಡ್‌ಮಾರ್ಕ್ ಸಂಖ್ಯೆ, ನಮ್ಮ ಪುಟದಲ್ಲಿ ಆ ಫೋಟೋ ಮೊದಲು ಹಾಕಿದ ದಿನ, ನಕಲಿ ಪುಟದ ವಿಳಾಸ ಮೂರನ್ನೇ ಬರೆದು ನೋಂದಣಿಯ ಪ್ರಮಾಣಪತ್ರ ಲಗತ್ತಿಸಿದೆ. ನಾಲ್ಕು ದಿನದಲ್ಲಿ ಪುಟ ಹೋಯಿತು.

ದುಡ್ಡು ಕಳೆದುಕೊಂಡ ಮೂವರು ಗ್ರಾಹಕರಲ್ಲಿ ಒಬ್ಬರು ಹಣ ಹಾಕಿದ ಸಂಜೆಯೇ ಅನುಮಾನ ಬಂದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರು. ಅವರ ಹಣ ಆ ಖಾತೆಯಲ್ಲೇ ತಡೆಹಿಡಿದಿತ್ತು, ತಡವಾಗಿ ವಾಪಸ್ ಬಂತು. ಎಂಟು ದಿನ ಕಾದವರದ್ದು ಬರಲಿಲ್ಲ, ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಹೋಗಿತ್ತು. ಅವರಿಗೆ ನಾನೇ ಒಂದು ಬಾಟಲಿ ಕಳಿಸಿದೆ. ಕಳ್ಳ ಯಾರು ಅಂತ ಇನ್ನೂ ಗೊತ್ತಾಗಿಲ್ಲ.

ಮಿಡಿಗೆ ಉಪ್ಪು ಹಾಕಿದ ದಿನವನ್ನು ನಮ್ಮಲ್ಲಿ ಭರಣಿ ಕೋಣೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಪದ್ಧತಿ. ಟ್ರೇಡ್‌ಮಾರ್ಕಿಗೆ ಹತ್ತು ವರ್ಷದ ಅವಧಿ, ಅದು ಪ್ರಮಾಣಪತ್ರ ಬಂದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ. ಮರೆಯಬಾರದು ಅಂತ ಅದನ್ನೂ ಅಲ್ಲೇ ಬರೆದಿಟ್ಟೆ: ಜೂನ್ 2029. ಮಾರನೇ ದಿನ ಅತ್ತೆ ಆ ಗೋಡೆ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಎಂತದೇ ಇದು, 2029ರ ಮಿಡಿಗೆ ಈಗ್ಲೇ ಉಪ್ಪು ಹಾಕಿದ್ಯನೇ?"