ಅಮೆರಿಕದಲ್ಲಿ ಸ್ವಂತ ಫಿಸಿಯೋಥೆರಪಿ ಕ್ಲಿನಿಕ್: ವಿಮಾ ಕಂಪನಿಗಳ ಜಾಲಕ್ಕೆ ಸೇರಿದ ಬಗೆ

ನ್ಯೂಜೆರ್ಸಿಯಲ್ಲಿ ಸ್ವಂತ ಕ್ಲಿನಿಕ್ಕಿನ ಬಾಡಿಗೆ ಕರಾರಿಗೆ ಸಹಿ ಹಾಕಿದ ಕೂಡಲೇ, ಸಲಕರಣೆಗಳ ಖರೀದಿಯನ್ನು ಬದಿಗಿಟ್ಟು ಕ್ರೆಡೆನ್ಷಿಯಲಿಂಗ್, ಅಂದರೆ ವಿಮಾ ಕಂಪನಿಗಳು ತಮ್ಮ ಜಾಲಕ್ಕೆ ಸೇರಿಸಿಕೊಳ್ಳುವ ಮೊದಲು ನಡೆಸುವ ಅರ್ಹತೆಯ ಪರಿಶೀಲನೆಯ, ಕೆಲಸವನ್ನು ಕೈಗೆತ್ತಿಕೊಂಡೆ. ಹಳೆಯ ಕ್ಲಿನಿಕ್ಕಿನಲ್ಲಿದ್ದಾಗ ಪ್ರಮುಖ ಕಂಪನಿಗಳ ಜಾಲಗಳಲ್ಲಿ ನನ್ನ ಹೆಸರಿತ್ತು, ನಿಜ. ಆದರೆ ಆ ನೋಂದಣಿ ಅಲ್ಲಿನ ಮಾಲೀಕರ ತೆರಿಗೆ ಸಂಖ್ಯೆಗೆ ಸೇರಿದ್ದರಿಂದ ನನ್ನ ಹೊಸ ಸಂಸ್ಥೆಗೆ ದಕ್ಕುವಂತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹೆಸರು. ಅಂಕಪಟ್ಟಿಯಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು, ಪಾಸ್‌ಪೋರ್ಟಿನಲ್ಲಿ ಅವುಗಳ ಪೂರ್ಣ ರೂಪ, ಮದುವೆಯ ನಂತರದ ದಾಖಲೆಗಳಲ್ಲಿ ಪತಿಯ ಹೆಸರು: ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣದು, ಆದರೆ ಪರಿಶೀಲಕರಿಗೆ ಅವು ಮೂರು ಬೇರೆ ವ್ಯಕ್ತಿಗಳು. ರಾಜ್ಯದ ಲೈಸೆನ್ಸಿನಲ್ಲಿರುವ ರೂಪವನ್ನೇ ಪ್ರಮಾಣವಾಗಿಟ್ಟುಕೊಂಡು, ಚಿಕಿತ್ಸಕರಿಗೆ ಕೊಡುವ ಹತ್ತು ಅಂಕಿಗಳ ರಾಷ್ಟ್ರೀಯ ಗುರುತಿನ ಸಂಖ್ಯೆಯಾದ ಎನ್‌ಪಿಐ ದಾಖಲೆಯನ್ನೂ ಚಿಕಿತ್ಸಕರ ವಿವರಗಳನ್ನು ವಿಮಾ ಕಂಪನಿಗಳಿಗಾಗಿ ಒಂದೆಡೆ ಇಡುವ ಸಿಎಕ್ಯೂಎಚ್ ಜಾಲತಾಣದ ಪ್ರೊಫೈಲನ್ನೂ ಅದಕ್ಕೆ ಅಕ್ಷರಶಃ ಹೊಂದಿಸಿದೆ. ಉಳಿದ ರೂಪಗಳನ್ನು ಹಿಂದಿನ ಹೆಸರುಗಳ ಅಂಕಣದಲ್ಲಿ ನಮೂದಿಸಿದೆ. ಸಂಸ್ಥೆಗೆ ಪ್ರತ್ಯೇಕ ಎನ್‌ಪಿಐ ಪಡೆದು, ತೆರಿಗೆ ಸಂಖ್ಯೆ ತಿಳಿಸುವ ಡಬ್ಲ್ಯೂ-9 ನಮೂನೆಯಲ್ಲಿ ತೆರಿಗೆ ಇಲಾಖೆಯ ಪತ್ರದಲ್ಲಿದ್ದಂತೆಯೇ ಅದರ ಹೆಸರನ್ನು ಬರೆದೆ.

ಬಹುಪಾಲು ಖಾಸಗಿ ವಿಮಾ ಕಂಪನಿಗಳು ಮಾಹಿತಿಯನ್ನು ಸಿಎಕ್ಯೂಎಚ್‌ನಿಂದಲೇ ಪಡೆಯುತ್ತವೆ. ಅಲ್ಲಿ ಪ್ರತಿ 120 ದಿನಗಳಿಗೊಮ್ಮೆ ವಿವರಗಳು ಸರಿಯಿವೆಯೆಂದು ಮತ್ತೆ ದೃಢೀಕರಿಸಬೇಕು. ವೃತ್ತಿಯ ಹೊಣೆಗಾರಿಕೆ ವಿಮೆಯ ಪ್ರಮಾಣಪತ್ರವನ್ನೂ ಸೇರಿಸಬೇಕು. ನಾನು ಸಾಮಾನ್ಯವಾಗಿ ಕೇಳುವ ಮಿತಿಯನ್ನೇ, ಅಂದರೆ ಒಂದು ಪ್ರಕರಣಕ್ಕೆ 10 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 30 ಲಕ್ಷ ಡಾಲರ್, ಇಟ್ಟುಕೊಂಡೆ. ಕಳೆದ ಐದು ವರ್ಷಗಳ ಕೆಲಸದ ವಿವರದಲ್ಲಿ ಆರು ತಿಂಗಳಿಗಿಂತ ದೀರ್ಘವಾದ ಬಿಡುವಿದ್ದರೆ ವಿವರಣೆ ಬೇಕು. ಎಚ್-1ಬಿ ನೌಕರರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಕೆಲಸದ ಅನುಮತಿಗಾಗಿ ಕಾದಿದ್ದ ಅವಧಿಯನ್ನು, ಅವರು ಕೇಳುವ ಮೊದಲೇ, ತಿಂಗಳುಗಳ ಸಹಿತ ಎರಡು ವಾಕ್ಯಗಳಲ್ಲಿ ಬರೆದಿಟ್ಟೆ. ನಮ್ಮ ಅನೇಕ ಹೆಣ್ಣುಮಕ್ಕಳು ಇದನ್ನು ಮುಚ್ಚಿಡಲು ನೋಡುತ್ತಾರೆ, ಅಗತ್ಯವೇ ಇಲ್ಲ.

ಹಿರಿಯರಿಗಾಗಿ ಮುಖ್ಯವಾಗಿ ಇರುವ ಸರ್ಕಾರಿ ವಿಮೆ ಮೆಡಿಕೇರ್‌ನ ಅರ್ಜಿಯನ್ನು ಅದರ ಆನ್‌ಲೈನ್ ನೋಂದಣಿ ವ್ಯವಸ್ಥೆಯಾದ ಪೆಕೋಸ್ ಮೂಲಕ ಸಲ್ಲಿಸಿದೆ. ವೈದ್ಯರಂತೆ ಮೆಡಿಕೇರ್‌ನಿಂದ ಹೊರಗುಳಿಯುವ ಆಯ್ಕೆ ಫಿಸಿಯೋಥೆರಪಿಸ್ಟರಿಗಿಲ್ಲ. ಅದೂ ಅಲ್ಲದೆ, ಫಿಸಿಯೋಥೆರಪಿಸ್ಟರ ಸ್ವಂತ ಕ್ಲಿನಿಕ್ಕಿಗೆ ಪೂರ್ವಸೂಚನೆಯಿಲ್ಲದೆ ಪರಿಶೀಲಕರು ಬರುತ್ತಾರೆ. ಹಾಗಾಗಿ ಬಾಗಿಲಿನ ಫಲಕ, ಕೆಲಸದ ವೇಳೆ, ಚಿಕಿತ್ಸೆಯ ಮೇಜು ಎಲ್ಲವೂ ಸಿದ್ಧವಾದ ಮೇಲೆಯೇ ಅರ್ಜಿ ಸಲ್ಲಿಸಿದೆ.

ಒಂದು ಕಂಪನಿ ತನ್ನ ಪ್ಯಾನೆಲ್ (ಜಾಲದಲ್ಲಿರುವ ಚಿಕಿತ್ಸಕರ ಪಟ್ಟಿ) ಭರ್ತಿಯಾಗಿದೆಯೆಂದು ಉತ್ತರಿಸಿತು. ಸುತ್ತಮುತ್ತ ದಕ್ಷಿಣ ಭಾರತೀಯ ಹಿರಿಯರು ಹೆಚ್ಚಾಗಿರುವುದನ್ನೂ, ನಾನು ಕನ್ನಡ, ತೆಲುಗು, ಹಿಂದಿಯಲ್ಲಿ ಚಿಕಿತ್ಸೆ ನೀಡಬಲ್ಲೆನೆಂಬುದನ್ನೂ, ಸಂಜೆಯ ವೇಳೆಯನ್ನೂ ತಿಳಿಸಿ ಮರುಪರಿಶೀಲನೆ ಕೋರಿದಾಗ ಒಪ್ಪಿತು. ಕ್ರೆಡೆನ್ಷಿಯಲಿಂಗ್ ಸಮಿತಿಯ ಒಪ್ಪಿಗೆ ಬೇರೆ, ದರದ ಕರಾರು ಬೇರೆ. ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಹಿಂದಿನ ದಿನಾಂಕದಿಂದ ಹಣ ಕೊಡುವುದಿಲ್ಲವಾದ್ದರಿಂದ, ಜಾರಿಯ ದಿನಾಂಕ ಬರಹದಲ್ಲಿ ಕೈಸೇರುವವರೆಗೆ ಆಯಾ ಕಂಪನಿಯ ವಿಮೆ ಹೊಂದಿದವರಿಗೆ ನಾನು ಅಪಾಯಿಂಟ್‌ಮೆಂಟ್ ಕೊಡಲಿಲ್ಲ.